ಸೊನ್ನೆ ಬೀಕರಿನ ನೀರು

ಬಿ.ಎಸ್ಸಿ. ಮೊದಲ ವರ್ಷದ ಜೀವಶಾಸ್ತ್ರ ಪ್ರಾಕ್ಟಿಕಲ್‌ಗಳಲ್ಲಿ ಕೈಕೊಡದ ಪ್ರಯೋಗ ಯಾವುದೆಂದು ಯಾರಾದರೂ ಕೇಳಿದ್ದರೆ, ಕಳೆದ ಬೇಸಿಗೆಯವರೆಗೂ ನಾನು ಯೋಚಿಸದೆ ಆಲೂಗಡ್ಡೆಯದು ಎಂದುಬಿಡುತ್ತಿದ್ದೆ. ಈರುಳ್ಳಿ ಬೇರಿನಲ್ಲಿ ಮೈಟಾಸಿಸ್, ಅಂದರೆ ಕೋಶ ವಿಭಜನೆ, ನೋಡುವುದು ಹಾಗಲ್ಲ. ಬೇರಿನ ತುದಿಯನ್ನು ಬೆಳಗಿನ ಸರಿಯಾದ ಹೊತ್ತಿಗೆ ಕತ್ತರಿಸದಿದ್ದರೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹದವಾಗಿ ಕಾಯಿಸದಿದ್ದರೆ, ಇಡೀ ಬ್ಯಾಚು ಮಧ್ಯಾಹ್ನದವರೆಗೆ ಕಣ್ಣು ಕೀಲಿಸಿ ಕುಳಿತರೂ ಆ ವಿಭಜನೆಯ ನಡುಹಂತವಾದ ಮೆಟಾಫೇಸ್ ಒಂದೂ ಕಾಣಿಸುವುದಿಲ್ಲ. ಜೊಲ್ಲಿನ ಅಮೈಲೇಸ್ ಪ್ರಯೋಗದಲ್ಲಿ ಪ್ರನಾಳಕ್ಕೆ ಉಗುಳಲು ನಾಚಿ ಅರ್ಧ ಗಂಟೆ ಕಳೆಯುವವರಿರುತ್ತಾರೆ. ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ತೇವಕ್ಕೆ ಮೈಕ್ರೋಸ್ಕೋಪಿನ ಲೆನ್ಸುಗಳ ಮೇಲೆಯೇ ಬೂಷ್ಟು ಬೆಳೆದು, ಮಕ್ಕಳು ಅದರ ಎಳೆಗಳನ್ನೇ ಶಿಲೀಂಧ್ರದ ಸ್ಲೈಡಿನದೆಂದು ಚಿತ್ರ ಬರೆದು ತಂದದ್ದೂ ಉಂಟು.

ಆಲೂಗಡ್ಡೆಯ ಪ್ರಯೋಗಕ್ಕೆ ಇಂಥ ತಕರಾರುಗಳಿಲ್ಲ. ಕಾರ್ಕ್ ಬೋರರಿನಿಂದ ಒಂದೇ ದಪ್ಪದ ತುಂಡುಗಳನ್ನು ತೆಗೆದು, ಒರೆಸಿ, ತೂಗಿ, ಸೊನ್ನೆಯಿಂದ 0.5 ಮೋಲಾರ್ ಸಾಂದ್ರತೆಯವರೆಗಿನ ಸುಕ್ರೋಸ್ (ಸಕ್ಕರೆ) ದ್ರಾವಣಗಳಲ್ಲಿ ಮುಕ್ಕಾಲು ಗಂಟೆ ಇಟ್ಟು, ಮತ್ತೆ ಒರೆಸಿ ತೂಗುವುದು; ತೂಕ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗ್ರಾಫ್ ಎಳೆಯುವುದು; ಗೆರೆ ಸೊನ್ನೆಯನ್ನು ದಾಟುವ ಜಾಗವೇ, ಅಂದರೆ ತುಂಡಿನ ಒಳಗಿನ ಮತ್ತು ಹೊರಗಿನ ಸಾಂದ್ರತೆ ಸಮನಾಗಿ ತೂಕ ಏರದೆ ಇಳಿಯದೆ ನಿಲ್ಲುವ ಜಾಗವೇ, ಐಸೋಟಾನಿಕ್ ಬಿಂದು. ನಮ್ಮ ಲ್ಯಾಬಿನಲ್ಲಿ ಅದು ವರ್ಷಗಳಿಂದ 0.27ರ ಆಸುಪಾಸಿನಲ್ಲೇ ಬರುತ್ತಿತ್ತು. ಲ್ಯಾಬಿನ ಸುಕ್ರೋಸ್ ಮುಗಿದಾಗ ಕಿರಾಣಿ ಅಂಗಡಿಯ ಸಕ್ಕರೆಯನ್ನೇ ಕರಗಿಸಿದರೂ ಉತ್ತರ ಅಲುಗುತ್ತಿರಲಿಲ್ಲ. ಆದಕಾರಣ 0.25ರಿಂದ 0.30ರ ನಡುವೆ ಬಂದರೆ ಫಲಿತಾಂಶದ ಪೂರ್ಣ ಅಂಕ, ಹೊರಗೆ ಬಿದ್ದರೆ ಸೊನ್ನೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಭದ್ರವಾಗಿ ಕುಳಿತಿತ್ತು.

ಕಳೆದ ವರ್ಷ ವೇಳಾಪಟ್ಟಿ ಹಿಂದುಮುಂದಾಗಿ, ಸಾಮಾನ್ಯವಾಗಿ ಮಳೆ ನಿಲ್ಲುವ ಹೊತ್ತಿಗೆ ಮುಗಿಯುತ್ತಿದ್ದ ಈ ಪ್ರಯೋಗ ಏಪ್ರಿಲ್‌ಗೆ ಬಂತು. ಏಪ್ರಿಲ್‌ನಲ್ಲಿ ಕರಾವಳಿಯ ಲ್ಯಾಬಿನಲ್ಲಿ ತೂಕ ಮಾಡುವುದೆಂದರೆ ಏನೆಂಬುದನ್ನು ಮಾಡಿದವರೇ ಬಲ್ಲರು. ಫ್ಯಾನ್ ಹಾಕಿದರೆ ಎಲೆಕ್ಟ್ರಾನಿಕ್ ಬ್ಯಾಲೆನ್ಸಿನ ಕೊನೆಯ ಅಂಕಿ ನಿಲ್ಲುವುದಿಲ್ಲ, ಆರಿಸಿದರೆ ತೂಗುವವರ ಗಲ್ಲದ ಬೆವರ ಹನಿ ತಟ್ಟೆಯ ಮೇಲೇ ಬೀಳುತ್ತದೆ. ಆ ಸೆಕೆಯಲ್ಲಿ ಸೋಮವಾರದ ಬ್ಯಾಚಿನವರು ಮಾಡಿ ತಂದ ಜರ್ನಲ್‌ಗಳಲ್ಲಿ ಐಸೋಟಾನಿಕ್ ಬಿಂದು 0.14, 0.15, 0.16, ಮತ್ತೆ 0.15. ಗುರುವಾರದ ಬ್ಯಾಚಿನವರದು ಸಾಲಾಗಿ 0.27. ಒಂದು ಬ್ಯಾಚಿಗೆ ಬ್ಯಾಚೇ ಒಂದೇ ತಪ್ಪು ಉತ್ತರ ಬರೆದಿದೆಯೆಂದರೆ ಯಾರೋ ಒಬ್ಬರು ಕೆಡಿಸಿದ್ದನ್ನು ಉಳಿದವರು ನಕಲು ಮಾಡಿದ್ದಾರೆ ಎಂದೇ ನಾನು ತಿಳಿದೆ. ಸೋಮವಾರದವರ ಜರ್ನಲ್‌ಗಳ ಮೇಲೆ ಕೆಂಪು ಶಾಯಿಯಲ್ಲಿ ‘ರಿಪೀಟ್’ ಎಂದು ಬರೆದು ಹಿಂದಿರುಗಿಸಿ, ಗುರುವಾರದವರಿಗೆ ಸಹಿ ಹಾಕಿಕೊಟ್ಟೆ. ನನ್ನ ಕಣ್ಣು ಕೊನೆಯ ಸಾಲಿನ ಮೇಲಿತ್ತೇ ಹೊರತು, ಅದಕ್ಕೂ ಮೇಲಿನ ತೂಕದ ಕೋಷ್ಟಕದ ಮೇಲೆ ಹೋಗಲಿಲ್ಲ.

ಇಲ್ಲಿ ನೀರಿನ ವಿಷಯ ಹೇಳಬೇಕು. ಲ್ಯಾಬಿನ ಡಿಸ್ಟಿಲ್ಡ್ ವಾಟರ್ ಯೂನಿಟ್‌ನ ಕಾಯಿಲ್ ಜನವರಿಯಲ್ಲೇ ಸುಟ್ಟುಹೋಗಿತ್ತು. ಇಂಡೆಂಟ್ ಕೊಟ್ಟೆವು, ಮೂರು ಕೊಟೇಶನ್ ತನ್ನಿ ಎಂದರು. ತಂದೆವು, ಒಂದರಲ್ಲಿ ದಿನಾಂಕವಿಲ್ಲವೆಂದು ಫೈಲು ಹಿಂದಕ್ಕೆ ಬಂತು. ಅಲ್ಲಿಯವರೆಗೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರಿನ ಕ್ಯಾನು ತಂದುಕೊಳ್ಳಿ ಎಂದರು, ಅದರ ಹಣ ಯಾವ ಹೆಡ್‌ನಿಂದ ಎಂಬುದನ್ನು ಮಾತ್ರ ಹೇಳಲಿಲ್ಲ. ತಪಾಸಣಾ ಸಮಿತಿ ಬರುತ್ತದೆಂದು ಅದೇ ತಿಂಗಳು ವರಾಂಡದ ಗೋಡೆಗೆ ದೊಡ್ಡ ಟಿ.ವಿ. ಪರದೆ ಬಂದು ಕುಳಿತಿತ್ತು ಎಂಬುದನ್ನು ಬರೆಯದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಹೀಗಾಗಿ ದ್ರಾವಣಗಳೆಲ್ಲ ನಲ್ಲಿ ನೀರಿನಲ್ಲೇ ತಯಾರಾದವು. ಆ ನಲ್ಲಿಗೆ ಬರುವುದು ಹಿತ್ತಿಲ ಹಳೆಯ ಬಾವಿಯ ನೀರು. ಕುಡಿಯಲು ಕ್ಯಾನಿನ ನೀರು ಬೇರೆ ಇದ್ದುದರಿಂದ ಅದನ್ನು ಬಾಯಿಗೆ ಹಾಕಿ ನೋಡಿದವರು ಯಾರೂ ಇರಲಿಲ್ಲ. ಸೋಪಿಗೆ ನೊರೆಯೇ ಬರುವುದಿಲ್ಲವೆಂದು ನಮ್ಮ ಅಟೆಂಡರ್ ವಾರಗಟ್ಟಲೆ ಗೊಣಗಿದ್ದರು. ಹೊಸ ಸೋಪು ಬೇಕೆಂಬುದಕ್ಕೆ ಪೀಠಿಕೆ ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ಘಟ್ಟದ ಮೇಲಿನ ಕಾಲೇಜೊಂದರಿಂದ ಎಕ್ಸ್‌ಟರ್ನಲ್ ಪರೀಕ್ಷಕರು ಬಂದಿದ್ದರು. ಹಿರಿಯರು, ಮಾತು ಕಡಿಮೆ, ವೈವಾದಲ್ಲಿ ಯಾರನ್ನೂ ಹೆದರಿಸುವವರಲ್ಲ. ಚೀಟಿ ಎತ್ತುವಾಗ ಸೋಮವಾರದ ಬ್ಯಾಚಿನ ಹುಡುಗಿಯೊಬ್ಬಳಿಗೆ ಆಲೂಗಡ್ಡೆಯೇ ಬಂತು. ಅಘನಾಶಿನಿ ಹೊಳೆಯಂಚಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ಕಡೆಯವಳು. ಅವರ ಮನೆಯಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆಂದು ಆಮೇಲೆ ತಿಳಿಯಿತು. ‘ರಿಪೀಟ್’ ಬರೆಸಿಕೊಂಡವರಲ್ಲಿ ಅವಳೂ ಒಬ್ಬಳಾಗಿದ್ದಳು, ಮತ್ತು ಎರಡನೆಯ ಸಲವೂ 0.15ನ್ನೇ ಬರೆದು ತಂದು ನನ್ನಿಂದ ಬೈಸಿಕೊಂಡಿದ್ದಳು.

ಅವಳ ಗ್ರಾಫ್ ನೋಡಿ ಪರೀಕ್ಷಕರು, “ಸ್ವಲ್ಪ ಕಡಿಮೆ ಆಯಿತಲ್ಲಮ್ಮ?” ಎಂದರು. “ಮೂರು ಸಲನೂ ಇಷ್ಟೇ ಬಂದದ್ದು ಸರ್” ಎಂದಳು. ಅವಳ ದನಿಯಲ್ಲಿ ಅಳುಕಿತ್ತು, ಆದರೆ ಅಂಕಿಯನ್ನು ಬದಲಿಸುವ ಇರಾದೆ ಇರಲಿಲ್ಲ. ಪರೀಕ್ಷಕರು ನನ್ನ ಮುಖ ನೋಡಿದರು. ಕಾಲೇಜಿನ ಮಾನ ಕಾಯುವ ಭರದಲ್ಲಿ, “ಆಲೂಗಡ್ಡೆ ಹಳೆಯದಿರಬೇಕು ಸರ್, ಕೋಲ್ಡ್ ಸ್ಟೋರೇಜಿನದು” ಎಂದುಬಿಟ್ಟೆ. ಅವರು ಸಮಾಧಾನದಿಂದಲೇ, “ಕೋಲ್ಡ್ ಸ್ಟೋರೇಜಿನ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ಒಳಗಿನ ಸಾಂದ್ರತೆ ಏರುತ್ತದಲ್ಲ ಮೇಡಂ, ಆಗ ಬಿಂದು ಮೇಲೆ ಹೋಗಬೇಕು, ಇದು ಕೆಳಗೆ ಬಂದಿದೆ” ಎಂದರು. ವರ್ಷವೂ ನಾನೇ ಪಾಠ ಮಾಡುವ ವಿಷಯ. ಲ್ಯಾಬಿನಲ್ಲಿದ್ದ ಉಳಿದ ಮಕ್ಕಳು ಬ್ಯುರೆಟ್ ತೊಳೆಯುವುದನ್ನೂ ನಿಲ್ಲಿಸಿ ಈ ಕಡೆ ಕಿವಿಯಿಟ್ಟಿದ್ದರು.

ಆಗ ಪರೀಕ್ಷಕರು ಸಕ್ಕರೆ ಹಾಕದ, ಬರೀ ನೀರಿನ ಸೊನ್ನೆ ಬೀಕರನ್ನು ಎತ್ತಿ ಹಿಡಿದು, “ಇದು ಡಿಸ್ಟಿಲ್ಡ್ ವಾಟರ್ ತಾನೆ?” ಎಂದು ಕೇಳಿದರು. ಬೀಕರಿನ ಮೇಲಿದ್ದ ಚೀಟಿ ಹಾಗೆಯೇ ಹೇಳುತ್ತಿತ್ತು, ನನ್ನದೇ ಅಕ್ಷರದಲ್ಲಿ. ಯೂನಿಟ್ ಚೆನ್ನಾಗಿದ್ದ ಕಾಲದಲ್ಲಿ ಅಂಟಿಸಿದ ಚೀಟಿ, ಮೇಲೆ ಸೆಲ್ಲೊಟೇಪು ಹಳದಿಯಾಗಿತ್ತು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಹುಡುಗಿ ನನ್ನ ಕಡೆಗೊಮ್ಮೆ ನೋಡಿ ಹೇಳಿದಳು: “ನಲ್ಲಿ ನೀರು ಸರ್. ಅದ್ರಲ್ಲೇ ಉಪ್ಪದೆ ಅನ್ಸ್ತದೆ. ನಮ್ಮನೆ ಬಾವಿದೂ ಹೋಳಿ ಹುಣ್ಮೆ ಕಳೀತಿದ್ದಂಗೆ ಹಿಂಗೇ ಆಗ್ತದೆ, ಸೋಪು ನೊರೆ ಬರೂದಿಲ್ಲ. ಮಳೆ ಬಿದ್ದ ಮೇಲೇ ಸರಿಯಾಗೂದು.”

ಪರೀಕ್ಷಕರು ಬೈಯುತ್ತಾರೆಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕುಳಿತು, ಎರಡು ಹೊಸ ತುಂಡು ಕತ್ತರಿಸಿ ಎರಡನ್ನೂ ಸರಿಯಾಗಿ ಎರಡು ಗ್ರಾಮಿಗೆ ತರಲು ಅವಳಿಗೆ ಹೇಳಿದರು. ಒಂದು ನಲ್ಲಿ ನೀರಿಗೆ, ಇನ್ನೊಂದು ಕುಡಿಯುವ ಕ್ಯಾನಿನ ನೀರಿಗೆ. ಆ ಮುಕ್ಕಾಲು ಗಂಟೆ ಅವರು ಬೇರೆಯವರ ವೈವಾ ನಡೆಸುತ್ತಿದ್ದರೆ, ನಾನು ಗುರುತಿಸಲು ಇಟ್ಟ ಸ್ಪಾಟರ್ ಮಾದರಿಗಳ ನಡುವೆ ಸುಮ್ಮನೆ ಓಡಾಡುತ್ತ, ಗೋಡೆಯ ಗಡಿಯಾರಕ್ಕಿಂತ ಹೆಚ್ಚಾಗಿ ಆ ಎರಡು ಬೀಕರುಗಳನ್ನೇ ನೋಡುತ್ತಿದ್ದೆ. ಸಾಲ್ಟ್ ಇಲ್ಲದಿದ್ದರೆ ಸಾಕು ಎಂದು ಒಂದು ಮನಸ್ಸು, ಇದ್ದರೆ ಈ ಮಗುವಿಗಾದರೂ ನ್ಯಾಯ ಸಿಗುತ್ತದೆಂದು ಇನ್ನೊಂದು. ಮೊದಲನೆಯದೇ ಹೆಚ್ಚು ಬಲವಾಗಿತ್ತೆಂಬುದನ್ನು ಮುಚ್ಚಿಡಲಾರೆ. ತೂಗಿದಾಗ ಕ್ಯಾನಿನ ನೀರಿನ ತುಂಡು 2.13, ನಲ್ಲಿ ನೀರಿನದು 2.07. ಕೈಯಲ್ಲಿ ಹಿಡಿದರೇ ಗೊತ್ತಾಗುವಂತಿತ್ತು: ಒಂದು ಬಾಗಿಸಿದರೆ ಟಕ್ಕೆಂದು ಮುರಿಯುವಷ್ಟು ಬಿಗಿ, ಇನ್ನೊಂದು ಇನ್ನೂ ಬಾಗುತ್ತಿತ್ತು.

ಮಾರನೆಯ ದಿನ ಪಕ್ಕದ ರಸಾಯನಶಾಸ್ತ್ರ ಲ್ಯಾಬಿನಲ್ಲಿ ನಲ್ಲಿ ನೀರಿಗೆ ನೈಟ್ರಿಕ್ ಆಮ್ಲ ಹಾಕಿ, ಸಿಲ್ವರ್ ನೈಟ್ರೇಟಿನ ಕೆಲವು ಹನಿ ಬಿಟ್ಟೆವು. ಬಿಟ್ಟ ಕೂಡಲೇ ಬೆಳ್ಳಗೆ ಒಡೆದ ಹಾಲಿನಂತಾಯಿತು; ನೀರಿನಲ್ಲಿ ಉಪ್ಪಿನ ಕ್ಲೋರೈಡ್ ಇದೆಯೆಂಬುದಕ್ಕೆ ಅದೇ ಗುರುತು. ಅದನ್ನು ನೋಡಿ ರಸಾಯನಶಾಸ್ತ್ರದ ಸಹೋದ್ಯೋಗಿ ತಲೆಗೆ ಕೈಯಿಟ್ಟುಕೊಂಡರು; ಆ ಬೇಸಿಗೆಯಲ್ಲಿ ಲವಣ ಗುರುತಿಸುವ ಸಾಲ್ಟ್ ಅನಾಲಿಸಿಸ್‌ನಲ್ಲಿ ನೈಟ್ರೇಟ್ ಸಿಕ್ಕ ಮಕ್ಕಳಿಗೂ ಕ್ಲೋರೈಡ್ ಎಂದೇ ಬರುತ್ತಿತ್ತಂತೆ, ಪ್ರನಾಳ ಸರಿಯಾಗಿ ತೊಳೆದಿಲ್ಲವೆಂದು ಇವರು ಮತ್ತೆ ಮತ್ತೆ ಅದೇ ನಲ್ಲಿಯಲ್ಲಿ ತೊಳೆಸುತ್ತಿದ್ದರಂತೆ.

ಲೆಕ್ಕ ಹಾಕಿದರೆ ಸೋಮವಾರದವರ ಗ್ರಾಫು ಎಷ್ಟು ಅಚ್ಚುಕಟ್ಟಾಗಿತ್ತೆಂದು ಗೊತ್ತಾಗುತ್ತದೆ. ಬಿಂದು 0.27ರಿಂದ 0.15ಕ್ಕೆ ಸರಿದಿದೆಯೆಂದರೆ, ಸಕ್ಕರೆ ಹಾಕುವ ಮೊದಲೇ ನೀರಿನಲ್ಲಿ 0.12 ಮೋಲಾರ್ ಸುಕ್ರೋಸಿಗೆ ಸಮನಾದ ಏನೋ ಕರಗಿತ್ತು. ಸುಕ್ರೋಸಿನ ಅಣು ನೀರಿನಲ್ಲಿ ಒಡೆಯುವುದಿಲ್ಲ, ಅಡುಗೆ ಉಪ್ಪು ಎರಡು ಅಯಾನುಗಳಾಗುತ್ತದೆ. ಆದ್ದರಿಂದ ಉಪ್ಪಿನ ಲೆಕ್ಕದಲ್ಲಿ ಅದು ಸುಮಾರು 0.06 ಮೋಲಾರ್, ಅಂದರೆ ಲೀಟರಿಗೆ ಮೂರೂವರೆ ಗ್ರಾಮ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮ್ ಲವಣವಿರುತ್ತದೆ. ನಾವು ‘ಡಿಸ್ಟಿಲ್ಡ್’ ಎಂದು ಚೀಟಿ ಅಂಟಿಸಿ ಕೊಟ್ಟಿದ್ದ ನೀರಿನಲ್ಲಿ ಹತ್ತರಲ್ಲೊಂದು ಪಾಲು ಕಡಲಿನಷ್ಟು ಉಪ್ಪಿತ್ತು. ಕಡಲಂಚಿನ ಮರಳು ನೆಲದಲ್ಲಿ ಮಳೆಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮಳೆಯಿಲ್ಲದೆ ಪಂಪು ಮಾತ್ರ ಎಳೆಯುತ್ತಿದ್ದರೆ ಕೆಳಗಿನ ಉಪ್ಪು ಮೇಲೇರಿ ಬರುತ್ತದೆ. ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ದಾಟಿ ಗೋಕರ್ಣಕ್ಕೆ ಹೋಗಿಬರುವ ನಮಗೆ ಇದು ಹೊಸ ಸಂಗತಿಯೇನಲ್ಲ. ಲ್ಯಾಬಿನ ಬಾಗಿಲು ದಾಟಿ ಒಳಗೆ ಬಂದ ನೀರಿಗೂ ಇದು ಅನ್ವಯಿಸುತ್ತದೆಂದು ಹೊಳೆಯದೇ ಹೋಯಿತು, ಅಷ್ಟೆ.

ಮೈ ಉರಿಸುವುದು ಗುರುವಾರದ ಬ್ಯಾಚು. ಅದೇ ನಲ್ಲಿ, ಅದೇ ವಾರ, ಅದೇ ಆಲೂಗಡ್ಡೆ ಚೀಲ. ಅವರಿಗೆ ಮಾತ್ರ 0.27 ಹೇಗೆ ಬಂತು? ಹಿಂದಿನ ವರ್ಷದ ಒಂದು ಜರ್ನಲ್ ತೆಗೆದು ತೂಕದ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡನೆಯ ದಶಮಾಂಶದವರೆಗೆ ಒಂದೇ, ಸೀನಿಯರ್ ಒಂದು ಕಡೆ ಅಂಕಿ ಹಿಂದುಮುಂದು ಬರೆದದ್ದೂ ಹಾಗೆಯೇ ಇಳಿದು ಬಂದಿತ್ತು. ಸೋಮವಾರದವರ ತೂಕಗಳು ಒಬ್ಬರಿಗಿಂತ ಒಬ್ಬರದು ಬೇರೆ, ಕಾಟು ಹೊಡೆದು ತಿದ್ದಿದ್ದು, ಒಂದು ಪುಟದ ಮೇಲೆ ಬೆವರಿಗೆ ಶಾಯಿ ಹರಡಿದ್ದು. ಎಲ್ಲವೂ ತೂಗಿದವರ ಕೈಯ ಗುರುತುಗಳೇ. ಅವನ್ನು ನೋಡಲು ಒಂದು ಜರ್ನಲಿಗೆ ಎರಡು ನಿಮಿಷ ಸಾಕು. ಆದರೆ ಒಂದು ಮಧ್ಯಾಹ್ನಕ್ಕೆ ಒಂದು ಸೆಕ್ಷನ್ನಿನ ರಾಶಿ ಜರ್ನಲ್‌ಗೆ ಸಹಿ ಹಾಕಿ ಮುಗಿಸಿ, ಸಂಜೆ ಐದರೊಳಗೆ ಇಂಟರ್ನಲ್ ಅಂಕಗಳನ್ನು ಪೋರ್ಟಲ್‌ಗೆ ಏರಿಸಬೇಕೆಂಬ ವ್ಯವಸ್ಥೆಯಲ್ಲಿ ಕಣ್ಣು ನೇರ ಕೊನೆಯ ಸಾಲಿಗೇ ಹೋಗುತ್ತದೆ, ಮತ್ತು ಮಕ್ಕಳು ಅದನ್ನು ನಮಗಿಂತ ಮೊದಲೇ ಕಂಡುಕೊಂಡಿರುತ್ತಾರೆ.

ಎಕ್ಸ್‌ಟರ್ನಲ್ ಆ ಹುಡುಗಿಗೆ ಪೂರ್ಣ ಅಂಕ ಕೊಟ್ಟು ಹೋದರು. ಇಂಟರ್ನಲ್ ಅಂಕಗಳು ಅಷ್ಟರಲ್ಲಿ ಪೋರ್ಟಲ್‌ನಲ್ಲಿ ಲಾಕ್ ಆಗಿದ್ದವು. ಸೋಮವಾರದ ಬ್ಯಾಚಿನ ತಿದ್ದುಪಡಿಗೆ ಬರೆದ ಪತ್ರ ಇನ್ನೂ ಆಫೀಸಿನಲ್ಲೇ ಇದೆ.

ಈ ವರ್ಷ ಉತ್ತರದ ಅಂಕಿಗೆ ಅಂಕ ಕೊಡುವುದನ್ನು ಬಿಟ್ಟಿದ್ದೇನೆ. ಕೋಷ್ಟಕಕ್ಕೆ ಮತ್ತು ಗ್ರಾಫಿಗೆ ಕೊಡುತ್ತೇನೆ. ಜರ್ನಲಿನಲ್ಲಿ ‘ನೀರು ಎಲ್ಲಿಯದು, ಯಾವ ದಿನದ್ದು’ ಎಂಬ ಸಾಲು ಸೇರಿದೆ, ಸಿಂಕಿನ ಪಕ್ಕದಲ್ಲಿ ಕಂದು ಬಾಟಲಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೇಸಿಗೆಯಲ್ಲಿ ಇನ್ನೊಮ್ಮೆ ಇದೇ ಪ್ರಯೋಗ ಮಾಡಿಸಿ, ಪ್ರತಿಯೊಬ್ಬರೂ ತಮ್ಮ ಮನೆಯ ಬಾವಿಯಿಂದ ಒಂದು ಬಾಟಲಿ ನೀರು ತರಬೇಕೆಂದೆ. ಗಜನಿ ಕಡೆಯವರ ಬಿಂದು ಕೆಳಗೆ, ದಿಬ್ಬದ ಮೇಲಿನ ಮನೆಗಳವರದು ಮೇಲೆ, ಹೀಗೆ ಇಡೀ ಸೆಕ್ಷನ್ನಿನ ಉತ್ತರಗಳು ಬೇರೆ ಬೇರೆಯಾಗಿ ಬಂದುದರಿಂದ ನಕಲು ಮಾಡುವುದಕ್ಕೆ ಯಾರ ಜರ್ನಲೂ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಡಿಸ್ಟಿಲ್ಡ್ ವಾಟರ್ ಯೂನಿಟ್ ಕೊನೆಗೂ ಮಂಜೂರಾಗಿ ಜುಲೈನಲ್ಲಿ, ಬಾವಿ ತುಂಬಿ ನೀರು ಸಿಹಿಯಾದ ಮೇಲೆ, ಬಂದು ತಲುಪಿತ್ತು. ಆಲೂಗಡ್ಡೆ ಈ ಸಲ ಹೆಚ್ಚು ಬೇಕಾಯಿತೆಂದು ಸಂತೆಯಲ್ಲಿ ಕೊಂಡು ತಂದ ಬಿಲ್ಲನ್ನು ಮಾತ್ರ, ಅದರ ಮೇಲೆ ಜಿ.ಎಸ್.ಟಿ. ನಂಬರ್ ಇಲ್ಲವೆಂದು ಆಫೀಸು ಹಿಂದಕ್ಕೆ ಕಳಿಸಿದೆ.