ತಪ್ಪದೇ ಬನ್ನಿ ಅನ್ನುವ ಸೀಲು

ಅಕ್ಕನ ಮಗುವಿನ ನಾಮಕರಣದ ಕಾರ್ಡ್‌ಗಳನ್ನು ಕೈಯಲ್ಲೇ ಮಾಡುತ್ತಿದ್ದೇನೆ, ಟೇಬಲ್ ತುಂಬಾ ಇಂಕ್ ಪ್ಯಾಡು, ರಬ್ಬರ್ ಸ್ಟಾಂಪು, ಕಾಗದದ ಚೂರು. ಆನ್‌ಲೈನ್‌ನಲ್ಲಿ ಹೂವು, ಚಿಟ್ಟೆಯ ಸ್ಟಾಂಪ್ ಬೇಕಾದಷ್ಟು ಸಿಗುತ್ತವೆ. ಬರಹ ಇರುವವು ಮಾತ್ರ ಹೆಚ್ಚಾಗಿ ಇಂಗ್ಲಿಷೇ. ಅದಕ್ಕೇ ಆಫೀಸ್ ಸೀಲ್ ಮಾಡಿಕೊಡುವ ಅಂಗಡಿಯಲ್ಲಿ 'ತಪ್ಪದೇ ಬನ್ನಿ' ಅಂತ ಮಾಡಿಸಿದೆ. ಅವರು 'ಕೆಳಗೆ ಸಹಿಗೆ ಜಾಗ ಬಿಡಬೇಕಾ ಮೇಡಂ?' ಅಂತ ಕೇಳಿದರು! ಅಂದಹಾಗೆ, ಒತ್ತಕ್ಷರ ಇದ್ದರೆ ಸ್ವಲ್ಪ ದೊಡ್ಡ ಸೈಜೇ ಮಾಡಿಸಿ, ಚಿಕ್ಕದಾದರೆ ಇಂಕ್ ತುಂಬಿಕೊಂಡು ಕಲಸಿಹೋಗುತ್ತದೆ.

ಉಬ್ಬಿದ ಅಕ್ಷರ ಬೇಕಿದ್ದರೆ ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕ್‌ನಲ್ಲಿ ಒತ್ತಿ, ಹಸಿ ಇರುವಾಗಲೇ ಎಂಬಾಸಿಂಗ್ ಪುಡಿ ಉದುರಿಸಿ, ಜಾಸ್ತಿಯಾದದ್ದನ್ನು ಕೊಡವಿ, ಆಮೇಲೆ ಹೀಟ್ ಗನ್ ಹಿಡಿಯಬೇಕು. ಹೇರ್ ಡ್ರೈಯರ್ ಆಗುವುದಿಲ್ಲ, ಬಿಸಿ ಸಾಲದು, ಸುಮ್ನೆ ಪುಡಿ ಹಾರಿಹೋಗುತ್ತದೆ. ಪುಡಿ ಕರಗಿ ಹೊಳೆಯುವುದನ್ನು ನೋಡುವುದೇ ಮಜಾ.

ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ಸಾಕಾಗಿತ್ತು ಅಂತ ಅಮ್ಮನ ಗೊಣಗಾಟ. ಸಾಕಾಗಿತ್ತು, ನಿಜ. ಆದರೆ ಅಜ್ಜಿಗೆ ಬಂದ ಹಳೇ ಕಾರ್ಡ್‌ಗಳು ನಮ್ಮ ಬೀರುವಿನಲ್ಲಿ ಇನ್ನೂ ಇವೆ, ಹೋದ ವರ್ಷದ ಫಾರ್ವರ್ಡ್ ಯಾರ ಹತ್ತಿರ ಇದೆ ಹೇಳಿ? ಸರಿ, ಇನ್ನು ಲಕೋಟೆ ಆಗಬೇಕು. ಈ ಅಳತೆಗೆ ಸಿಗದಿದ್ದರೆ ಅದನ್ನೂ ನಾನೇ ಅಂಟಿಸಬೇಕು, ಅಮ್ಮನಿಗೆ ಇನ್ನೂ ಹೇಳಿಲ್ಲ.