ಡಬ್ಬಿಯೊಳಗಿನ ಮಣಿಗಳು

ಕಾಲೇಜಿನ ಸಂಚಿಕೆಗೆ ಲೇಖನ ಕೇಳಿದಾಗ ಪ್ರಾಣಿಶಾಸ್ತ್ರ ವಿಭಾಗದವರು ತಮ್ಮ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆಂದುಕೊಂಡಿರಬಹುದು. ಕ್ಷಮಿಸಬೇಕು, ನನಗೆ ಕಾಡಿನ ದಾರಿ ಹಿಡಿಸಿದವರು ಸಂಖ್ಯಾಶಾಸ್ತ್ರದ ಮೇಷ್ಟ್ರು.

ಬಿ.ಎಸ್ಸಿ. ಎರಡನೇ ವರ್ಷ. ಮಧ್ಯಾಹ್ನದ ಪೀರಿಯಡ್ಡು, ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಮೇಷ್ಟ್ರು ಬಿಳಿ ಮಣಿ ತುಂಬಿದ ಡಬ್ಬಿಯನ್ನು ನನ್ನ ಮುಂದಿಟ್ಟು, "ಎಷ್ಟಿವೆ ಹೇಳಮ್ಮ, ಎಲ್ಲಾ ಎಣಿಸೋ ಹಾಗಿಲ್ಲ" ಎಂದರು. 40 ಮಣಿಗೆ ಶಾಯಿ ಬಳಿಸಿ, ಮತ್ತೆ ಒಳಗೆ ಹಾಕಿಸಿ ಕುಲುಕಿದರು. ಕಣ್ಣುಮುಚ್ಚಿ 30 ತೆಗೆದೆ. ಶಾಯಿಯವು 6 ಬಂದವು. ಐದಕ್ಕೆ ಒಂದು ಶಾಯಿಯದು, ಶಾಯಿಯವು ಒಟ್ಟು 40, ಅಂದರೆ ಡಬ್ಬಿಯಲ್ಲಿ ಸುಮಾರು 200. ಸುರಿದು ಎಣಿಸಿದರೆ 187!

"13 ತಪ್ಪು, ಸಾರ್."

"ಕಾಡನ್ನ ಹೀಗೆ ಸುರಿದು ನೋಡೋಕಾಗುತ್ತಾ?"

ಹುಲಿಗೆ ಶಾಯಿಯೂ ಬೇಡ, ಮೈಮೇಲಿನ ಪಟ್ಟೆಯೇ ಗುರುತು. ನಾಗರಹೊಳೆಯ ಹುಲಿಗಳನ್ನು ಕ್ಯಾಮೆರಾ ಟ್ರ್ಯಾಪ್ (ಎದುರು ಏನಾದರೂ ಅಲುಗಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಚಿತ್ರಗಳಿಂದ ಹೀಗೇ ಅಂದಾಜು ಮಾಡಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಮೇಷ್ಟ್ರೇ ಪ್ರಿಂಟ್ ತೆಗೆಸಿ ಕೊಟ್ಟರು. ಕಾರಂತರು ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಂದು ತಿಳಿದಾಗ ಗಣಿತದ ಮೇಲಿನ ನನ್ನ ಸಿಟ್ಟು ತುಸು ಇಳಿಯಿತು. ಆ ಪ್ರಬಂಧ ಬಂದ ಕಾಲಕ್ಕೆ ಹೆಜ್ಜೆಗುರುತು ನೋಡಿ ಹುಲಿ ಎಣಿಸುವುದೇ ನಮ್ಮಲ್ಲಿ ರೂಢಿ. ಅದನ್ನು ಬಿಟ್ಟು ಕ್ಯಾಮೆರಾ ಹಿಡಿದ 2006ರ ಗಣತಿಯಲ್ಲಿ ಇಡೀ ದೇಶದ ಅಂದಾಜು 1,411ಕ್ಕೆ ಬಂದು ನಿಂತಿತು.

ಎಂ.ಎಸ್ಸಿ. ವನ್ಯಜೀವಿ ವಿಜ್ಞಾನದ ಮೊದಲ ಸಂದರ್ಶನದಲ್ಲಿ "ನನಗೆ ಹುಲಿ ಅಂದ್ರೆ ಪ್ರಾಣ" ಎಂದೆ. ಸೀಟು ಸಿಗಲಿಲ್ಲ. ಸಿಗಬಾರದಿತ್ತು ಕೂಡ. ಮರುವರ್ಷ ಮಣಿಯ ಲೆಕ್ಕ ಹೇಳಿದೆ. "ಒಮ್ಮೆ ಸಿಕ್ಕಿಬಿದ್ದ ಪ್ರಾಣಿ ಹೆದರಿ ಆ ಕಡೆ ಬರದೇ ಹೋದರೆ?" ಎಂದು ಒಬ್ಬರು ಕೆಣಕಿದರು. ಉತ್ತರ ಓದಿರಲಿಲ್ಲ. ಡಬ್ಬಿ ನೆನಪಾಯಿತು: ಶಾಯಿಯ ಮಣಿಗಳು ತಳಕ್ಕೆ ಅಂಟಿಕೊಂಡರೆ ಕೈಗೆ ಕಡಿಮೆ ಸಿಗುತ್ತವೆ, ಆಗ ಒಟ್ಟು ಲೆಕ್ಕ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಅವರು ತಲೆಯಾಡಿಸಿದರು.

ಕಾಡಿನ ಕೆಲಸ ಅಂದುಕೊಂಡಷ್ಟು ರೋಚಕವಲ್ಲ. ಹುಲಿಯ ಎಡಮೈ ಪಟ್ಟೆ ಬಲಮೈಯಲ್ಲಿರುವ ಹಾಗೆ ಇರುವುದಿಲ್ಲ, ಆದ್ದರಿಂದ ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಎದುರುಬದುರು ಕ್ಯಾಮೆರಾ ಕಟ್ಟಬೇಕು. ಮೊದಲ ಸಲ ಒಂದರ ಗಡಿಯಾರ ಸರಿಮಾಡಲು ಮರೆತೆ. ಯಾವ ರಾತ್ರಿಯ ಎಡಮೈಗೆ ಯಾವ ಬಲಮೈ ಎಂದು ಜೋಡಿಸುತ್ತಾ ಮೂರು ದಿನ ಕೂತಿದ್ದೆ. ಹುಲಿಗಿಂತ ದನಗಳ ಫೋಟೋಗಳೇ ಜಾಸ್ತಿ. ಗಾಳಿಗೆ ತೂಗಿದ ಹುಲ್ಲಿನವಂತೂ ಲೆಕ್ಕವಿಲ್ಲ.

ಪ್ರಬಂಧ ಮುಗಿದ ದಿನ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಆಗಲೇ ವರ್ಷವಾಗಿತ್ತು.

"ಸಾರ್, 11 ಹುಲಿ!"

"ಸರಿ," ಎಂದರು, "ಹೆಚ್ಚುಕಡಿಮೆ ಎಷ್ಟು?"