ಬೆಳಗೊಳದ ಎರಡು ಕಂಬಗಳು

ನನ್ನ ಸೋದರಮಾವ ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿದ್ದವರು. ಊರು ಚನ್ನರಾಯಪಟ್ಟಣದ ಪಕ್ಕದಲ್ಲೇ. ಆದರೂ ಶ್ರವಣಬೆಳಗೊಳದ ಬೆಟ್ಟ ಹತ್ತಿ ಐವತ್ತು ವರ್ಷವಾಯಿತು ಅಂದರು. ಶಾಲೆಯ ಪ್ರವಾಸದಲ್ಲಿ ಒಮ್ಮೆ ಹತ್ತಿದ್ದು, ಅಷ್ಟೇ. ಈ ಸಲ ಕಾರ್ತೀಕದಲ್ಲಿ ನಾನು ಊರಿಗೆ ಹೋದಾಗ ಅವರೇ ಕೇಳಿದರು, "ಬರ್ತೀಯೇನೋ, ಗೊಮ್ಮಟನ್ನ ನೋಡ್ಕೊಂಡು ಬರೋಣ" ಅಂತ. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು.

ಕಲ್ಯಾಣಿಯ ಹತ್ತಿರ ಇಳಿದಾಗ ಇನ್ನೂ ಮಂಜಿತ್ತು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟೆವು. ಅಲ್ಲೊಬ್ಬರು ಕಾಲುಚೀಲ ಮಾರುತ್ತಿದ್ದರು. ಮಧ್ಯಾಹ್ನ ಬಂಡೆ ಕಾದರೆ ಕಾಲು ಸುಡುತ್ತೆ, ತಗೊಳ್ಳಿ ಅಂದರು. ಮಾವ ಬೇಡ ಅಂದರು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಆರುನೂರಕ್ಕೂ ಜಾಸ್ತಿ. ಅರ್ಧ ದಾರಿಯಲ್ಲಿ ನಾನು ಕೂತೆ. ಮಾವ ಒಂದೇ ಸಮನೆ ಹತ್ತಿದರು, ಅರವತ್ತೆರಡರ ವಯಸ್ಸಿನಲ್ಲಿ.

ಈ ಬೆಟ್ಟಕ್ಕೆ ಬಂದವರೆಲ್ಲ ಗೊಮ್ಮಟನ ಕಡೆಗೇ ಓಡುತ್ತಾರೆ. ನಾನು ಮಾವನನ್ನು ಅದಕ್ಕೂ ಮೊದಲೇ ಒಂದು ಕಡೆ ನಿಲ್ಲಿಸಿದೆ. ಒದೆಗಲ್ ಬಸದಿ ದಾಟಿದ ಮೇಲೆ, ಅಖಂಡ ಬಾಗಿಲಿಗೆ ಹೋಗುವ ಮುಂಚೆ, ಒಂದು ಚಿಕ್ಕ ಮಂಟಪದೊಳಗೆ ಕಂಬವಿದೆ. ತ್ಯಾಗದ ಬ್ರಹ್ಮದೇವರ ಕಂಬ. ಅದರ ಬುಡ ನೆಲಕ್ಕೆ ಪೂರ್ತಿ ತಾಗಿಲ್ಲ, ಅಡಿಯಲ್ಲಿ ಕರವಸ್ತ್ರ ತೂರಿಸಿ ಎಳೆಯಬಹುದು ಅನ್ನುತ್ತಾರೆ. ಜನ ಅದನ್ನೇ ಮಾತಾಡಿಕೊಂಡು ಮುಂದೆ ಹೋಗುತ್ತಾರೆ. ಕಂಬದ ಮೇಲಿನ ಬಳ್ಳಿ ನೋಡಿ. ಒಂದೊಂದು ಸುರುಳಿಯೂ ಈಗ ತಾನೇ ಚಿಗುರಿದ ಹಾಗಿದೆ. ಬುಡದಲ್ಲಿ ಚಾಮರ ಬೀಸುವವರ ನಡುವೆ ಒಬ್ಬ ಕೂತಿದ್ದಾನೆ. ಅವನೇ ಚಾವುಂಡರಾಯ ಅನ್ನುತ್ತಾರೆ, ಗೊಮ್ಮಟನನ್ನು ಮಾಡಿಸಿದವನು.

ನಾನು ತೋರಿಸಬೇಕೆಂದಿದ್ದು ಆ ಬಳ್ಳಿಯನ್ನಲ್ಲ. ಈ ಕಂಬದ ಮೇಲೆ ಚಾವುಂಡರಾಯನ ಶಾಸನವಿತ್ತು. ಅವನು ಯಾವ ಯಾವ ಯುದ್ಧ ಗೆದ್ದ, ಯಾರನ್ನು ಬಗ್ಗುಬಡಿದ ಅನ್ನೋ ವರ್ಣನೆ. ಈಗ ಒಂದು ಮುಖದಲ್ಲಿ ಮಾತ್ರ ಉಳಿದಿದೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬುವನು ತನ್ನದೊಂದು ಪುಟ್ಟ ಶಾಸನ ಕೊರೆಸೋದಕ್ಕೆ ಮಿಕ್ಕ ಮೂರು ಮುಖಗಳನ್ನು ಅಳಿಸಿಬಿಟ್ಟನಂತೆ. ಇತಿಹಾಸ ಬಲ್ಲವರಿಗೆ ಇದು ದೊಡ್ಡ ನಷ್ಟ. ನನಗೂ ಹೊಟ್ಟೆ ಉರಿಯುತ್ತದೆ. ಗೊಮ್ಮಟನನ್ನು ಯಾಕೆ ಮಾಡಿಸಿದೆ, ಹೇಗೆ ಮಾಡಿಸಿದೆ ಅಂತ ಅವನೇ ಹೇಳಿದ ಮಾತು ಅಲ್ಲಿ ಇತ್ತೋ ಏನೋ.

ಮಾವ ಅಕ್ಷರಗಳ ಮೇಲೆ ಕೈಯಾಡಿಸದೆ, ಹತ್ತಿರ ಬಗ್ಗಿ ನೋಡಿದರು. "ಬರೀ ಯಾರ್ಯಾರನ್ನ ಹೊಡೆದ ಅಂತಾನೇ ಬರ್ಸಿದ್ನಾ?" ಅಂದರು.

ಹೌದು, ಜಾಸ್ತಿ ಅದೇ. ಚಾವುಂಡರಾಯ ಗಂಗರ ಮಂತ್ರಿ, ದಂಡನಾಯಕ. ಮಾರಸಿಂಹ ಮತ್ತು ರಾಚಮಲ್ಲರ ಕಾಲದವನು. ಅವನಿಗೆ ಬಂದ ಬಿರುದುಗಳ ಪಟ್ಟಿ ಅವನೇ 978ರಲ್ಲಿ ಬರೆದ ಚಾವುಂಡರಾಯ ಪುರಾಣದಲ್ಲಿದೆ. ಒಂದೊಂದು ಬಿರುದಿನ ಹಿಂದೆಯೂ ಒಂದೊಂದು ಯುದ್ಧ. ಗೋನೂರಿನ ಬಯಲಲ್ಲಿ ನೊಳಂಬರನ್ನು ಸೋಲಿಸಿದ್ದಕ್ಕೆ ವೀರಮಾರ್ತಂಡ. ಉಚ್ಚಂಗಿ ಕೋಟೆಯಲ್ಲಿ ಕಾದಿದ್ದಕ್ಕೆ ರಣರಂಗಸಿಂಗ. ಅದೇ ಪಟ್ಟಿಯಲ್ಲಿ ಸತ್ಯಯುಧಿಷ್ಠಿರ ಅಂತಲೂ ಇದೆ, ತಮಾಷೆಗೂ ಸುಳ್ಳಾಡದವನು ಎಂದು. ಇನ್ನೊಂದು ಬಿರುದು ಸಮರಪರಶುರಾಮ. ಅವನ ತಮ್ಮ ನಾಗವರ್ಮನನ್ನು ಒಬ್ಬ ಕೊಂದಿದ್ದ. ಚಾವುಂಡರಾಯ ಆ ಕೊಂದವನನ್ನು ಹುಡುಕಿ ಕೊಂದ. ಅದಕ್ಕೆ ಬಂದ ಬಿರುದು ಅದು.

ತಮ್ಮನನ್ನು ಕೊಂದವನನ್ನು ಕೊಂದವನು ಮಾಡಿಸಿದ ಮೂರ್ತಿ ಯಾವುದು? ಅಣ್ಣ ಭರತನ ಮೇಲೆ ಎತ್ತಿದ ಕೈಯನ್ನು ಇಳಿಸಿದ ಬಾಹುಬಲಿಯದು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಕಂಬದ ಮುಂದೆ ನಿಂತು ಮಾವನಿಗೂ ಇದನ್ನು ಹೇಳಿದೆ. ಅವರು ಏನೂ ಅನ್ನಲಿಲ್ಲ. "ನಡಿ" ಅಂದರು.

ಅಖಂಡ ಬಾಗಿಲು ದಾಟಿ, ಮತ್ತಷ್ಟು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಎಳೆಬಿಸಿಲು ಗೊಮ್ಮಟನ ಹೆಗಲ ಮೇಲೆ ಬಿದ್ದಿತ್ತು. ಐವತ್ತೆಂಟು ಅಡಿ. 981ರಲ್ಲಿ ಪ್ರತಿಷ್ಠೆಯಾಯಿತು ಎಂದು ಲೆಕ್ಕ. 1981ರಲ್ಲಿ ಸಾವಿರ ವರ್ಷದ ಮಸ್ತಕಾಭಿಷೇಕ ನಡೆದಾಗ ನಮ್ಮಜ್ಜಿ ಬಂದಿದ್ದರಂತೆ. ಮೂರ್ತಿಯ ಕಾಲ ಬಳಿ ಹುತ್ತ, ಹುತ್ತದಿಂದ ಇಣುಕುವ ಹಾವು, ತೊಡೆಗೂ ತೋಳಿಗೂ ಹಬ್ಬಿದ ಬಳ್ಳಿ. ಪಾದದ ಪಕ್ಕ 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂದಿದೆ. ಕಂಬದ ಮೇಲೆ ಅಷ್ಟೊಂದು ಬರೆಸಿದವನು ಇಲ್ಲಿ ಬರೆಸಿದ್ದು ಮೂರೇ ಪದ. ಬಿರುದಿಲ್ಲ, ಯುದ್ಧವಿಲ್ಲ. ಕನ್ನಡದಲ್ಲಿ ಹೇಳಿದ್ದನ್ನೇ ತಮಿಳಿನಲ್ಲೂ ಮರಾಠಿಯಲ್ಲೂ ಹೇಳಿದೆ. ಸುತ್ತಾಲಯ ಕಟ್ಟಿಸಿದವನು ಗಂಗರಾಜ. ಅವನೂ ದಂಡನಾಯಕನೇ, ಚೋಳರಿಂದ ತಲಕಾಡು ಗೆದ್ದು ವಿಷ್ಣುವರ್ಧನನಿಗೆ ಕೊಟ್ಟವನು.

ಭರತ-ಬಾಹುಬಲಿ ಕತೆ ನಮಗೆಲ್ಲ ಗೊತ್ತಿರೋದೇ. ಆದರೆ ಅದರಲ್ಲಿ ಮಂತ್ರಿಗಳ ಮಾತೊಂದಿದೆ, ಅದನ್ನು ಯಾರೂ ಜಾಸ್ತಿ ಹೇಳೋದಿಲ್ಲ. ಎರಡೂ ಕಡೆ ಸೈನ್ಯ ಸಿದ್ಧವಾಗಿ ನಿಂತಿದೆ. ಆಗ ಎರಡೂ ಕಡೆಯ ಮಂತ್ರಿಗಳು ಸೇರಿ ಯೋಚಿಸುತ್ತಾರೆ. ಈ ಅಣ್ಣತಮ್ಮ ಇಬ್ಬರೂ ಚರಮಶರೀರಿಗಳು. ಇದೇ ಕೊನೆಯ ಜನ್ಮ, ಮೋಕ್ಷಕ್ಕೆ ಹೋಗುವವರು. ಯುದ್ಧದಲ್ಲಿ ಇವರಿಗೆ ಏನೂ ಆಗೋದಿಲ್ಲ. ಸಾಯೋದು ಸುಮ್ನೆ ಬಂದ ಜನ. ಹಾಗಾಗಿ ಜಗಳ ಯಾರದೋ ಅವರೇ ಹೊಡೆದಾಡಿಕೊಳ್ಳಲಿ, ಸೈನ್ಯ ನೋಡುತ್ತಾ ನಿಲ್ಲಲಿ ಎಂದು ಅರಸರನ್ನು ಒಪ್ಪಿಸುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಇದಕ್ಕೆ ಧರ್ಮಯುದ್ಧ ಅಂತ ಹೆಸರು.

ನನ್ನ ಮಟ್ಟಿಗೆ ಯುದ್ಧದ ಬಗ್ಗೆ ಇಷ್ಟು ನೇರವಾದ ಮಾತನ್ನು ಬೇರೆಲ್ಲೂ ಕೇಳಿಲ್ಲ. ಧರ್ಮಯುದ್ಧ ಅಂದಕೂಡಲೇ ನಮಗೆ ಕುರುಕ್ಷೇತ್ರ ನೆನಪಾಗುತ್ತೆ. ಅಲ್ಲಿ ಧರ್ಮದ ಹೆಸರಲ್ಲಿ ಹದಿನೆಂಟು ಅಕ್ಷೋಹಿಣಿ ಜನ ನಿಂತರು. ಇಲ್ಲಿ ಧರ್ಮದ ಹೆಸರಲ್ಲಿ ಸೈನ್ಯವನ್ನು ಬದಿಗೆ ಸರಿಸಿದರು. ಒಂದೇ ಪದ, ಎಷ್ಟು ದೂರದ ಅರ್ಥ ಅಲ್ವಾ?

ಮೂರರಲ್ಲೂ ಗೆದ್ದವನು ಬಾಹುಬಲಿ. ಅಣ್ಣನನ್ನು ಮೇಲಕ್ಕೆತ್ತಿದ, ನೆಲಕ್ಕೆ ಅಪ್ಪಳಿಸದೆ ಇಳಿಸಿದ. ಅವಮಾನ ತಾಳದೆ ಭರತ ಚಕ್ರ ಬಿಟ್ಟ. ಚಕ್ರ ತಮ್ಮನನ್ನು ಸುತ್ತಿ ಸುಮ್ಮನೆ ನಿಂತಿತು. ಬಾಹುಬಲಿ ರಾಜ್ಯ ಬಿಟ್ಟು ಒಂದು ವರ್ಷ ಅಲುಗದೆ ನಿಂತ. ಆದರೂ ಜ್ಞಾನ ಬರಲಿಲ್ಲ. ಮನಸ್ಸಿನಲ್ಲೊಂದು ಮುಳ್ಳು ಉಳಿದಿತ್ತು. ಅಣ್ಣನ ನೆಲದ ಮೇಲೆ ನಿಂತಿದ್ದೇನಲ್ಲ ಅನ್ನೋ ಕೊರಗು ಅಂತ ಕೆಲವರು, ಅಣ್ಣನಿಗೆ ನನ್ನಿಂದ ನೋವಾಯಿತಲ್ಲ ಅನ್ನೋ ಸಂಕಟ ಅಂತ ಇನ್ನು ಕೆಲವರು ಹೇಳುತ್ತಾರೆ. ಒಬ್ಬನನ್ನೂ ಕೊಲ್ಲದ ಯುದ್ಧವೂ ಅಷ್ಟು ಸಲೀಸಾಗಿ ಮನಸ್ಸಿನಿಂದ ಇಳಿಯಲಿಲ್ಲ. ಭರತನೇ ಬಂದು ಕೈಮುಗಿದ ಮೇಲೆ ಆ ಮುಳ್ಳು ಹೋಯಿತು.

ಸುತ್ತಾಲಯದ ನೆರಳಲ್ಲಿ ಹಿರಿಯರೊಬ್ಬರು ಜಪಮಣಿ ಹಿಡಿದು ಕೂತಿದ್ದರು. ಮಾವ ಅವರ ಪಕ್ಕ ಕೂತು ನೇರವಾಗಿ ಕೇಳಿಬಿಟ್ಟರು, "ಸ್ವಾಮಿ, ನಿಮ್ಮಲ್ಲಿ ಇರುವೆ ಸಾಯಿಸಿದ್ರೂ ಪಾಪ ಅಂತೀರಿ. ಸಿಪಾಯಿ ಗತಿ ಏನು?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೆರಳು ಮಡಚುತ್ತಾ ಹೇಳಿದರು. ಹಿಂಸೆಯಲ್ಲಿ ನಾಲ್ಕು ಬಗೆ. ಬೇಕಂತಲೇ ಮನಸ್ಸಿಟ್ಟು ಮಾಡೋದು ಸಂಕಲ್ಪಿ. ಅಡುಗೆ, ಕಸ ಗುಡಿಸೋದು, ಇಂಥ ಮನೆಗೆಲಸದಲ್ಲಿ ಆಗೋದು ಆರಂಭಿ. ಬೇಸಾಯ, ಕಸುಬಿನಲ್ಲಿ ಆಗೋದು ಉದ್ಯೋಗಿ. ಮೇಲೆ ಬಿದ್ದವನನ್ನು ತಡೆಯುವಾಗ ಆಗೋದು ವಿರೋಧಿ. ಮುನಿಗಳು ನಾಲ್ಕನ್ನೂ ಬಿಡಬೇಕು, ಅದು ಮಹಾವ್ರತ. ಸಂಸಾರಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಮಿಕ್ಕಿದ್ದನ್ನು ಆದಷ್ಟು ಕಮ್ಮಿ ಮಾಡಬೇಕು. ಅದು ಅಣುವ್ರತ.

"ಹಂಗಾದ್ರೆ ನಾಲ್ಕನೇದು ಪಾಪ ಅಲ್ಲ?" ಅಂದರು ಮಾವ.

"ಹಿಂಸೆ ಹಿಂಸೆಯೇ. ಗೃಹಸ್ಥನಿಗೆ ಅದನ್ನು ಬಿಡೋಕಾಗಲ್ಲ ಅಂತ ಮಾತ್ರ ಹೇಳಿರೋದು" ಅಂದರು ಅವರು.

ಆ ಉತ್ತರ ನನಗೆ ತುಂಬಾ ಹಿಡಿಸಿತು. ಕೊಂದರೆ ಸ್ವರ್ಗ ಅನ್ನಲಿಲ್ಲ, ನರಕ ಅಂತ ಹೆದರಿಸಲೂ ಇಲ್ಲ. ಗಡಿಯಲ್ಲಿ ನಿಂತವನ ಕಷ್ಟ ಗೊತ್ತು, ಆದರೆ ಲೆಕ್ಕ ಲೆಕ್ಕವೇ ಅಂದ ಹಾಗಿತ್ತು. ಮಾವ ಅವರಿಗೆ ಕೈಮುಗಿದು ಎದ್ದರು.

ಇಳಿದು ಇಡ್ಲಿ ತಿಂದು ಎದುರಿನ ಚಿಕ್ಕಬೆಟ್ಟ ಹತ್ತಿದೆವು. ಇಲ್ಲಿ ಜನ ಕಮ್ಮಿ, ಗಾಳಿ ಜಾಸ್ತಿ. ಎಲ್ಲಿ ನೋಡಿದರೂ ಬಂಡೆ ಮೇಲೆ ಅಕ್ಷರ. ಬೆಳಗೊಳದಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಈ ಬೆಟ್ಟದಲ್ಲಿ ಬಹಳಷ್ಟು ನಿಸಿದಿಗಳು, ಅಂದರೆ ಅನ್ನನೀರು ಬಿಟ್ಟು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನವು. ಚಂದ್ರಗುಪ್ತ ಮೌರ್ಯ ಸಾಮ್ರಾಜ್ಯ ಬಿಟ್ಟು ಜೈನ ಗುರು ಭದ್ರಬಾಹುವಿನ ಜೊತೆ ಇಲ್ಲಿಗೆ ಬಂದ ಅನ್ನೋ ನಂಬಿಕೆಯೂ ಈ ಬೆಟ್ಟದ್ದೇ.

ಬಸದಿಗಳ ಪ್ರಾಕಾರದ ದಕ್ಷಿಣ ಬಾಗಿಲ ಹತ್ತಿರ ಎರಡನೇ ಕಂಬ. ಕೂಗೆ ಬ್ರಹ್ಮದೇವರ ಕಂಬ. ಇದು ಗಂಗ ದೊರೆ ಮಾರಸಿಂಹನದು, ಚಾವುಂಡರಾಯನ ಒಡೆಯ. ನಾಲ್ಕೂ ಕಡೆ ಬರಹ. ಗುರ್ಜರರನ್ನು ಗೆದ್ದ, ವಿಂಧ್ಯದ ಕಿರಾತರನ್ನು ಗೆದ್ದ, ವಜ್ಜಳನನ್ನು ಮುರಿದ, ಉಚ್ಚಂಗಿ ಹಿಡಿದ, ನೊಳಂಬರನ್ನು ನಾಶಮಾಡಿದ. ಅವನ ಬಿರುದೇ ನೊಳಂಬಕುಲಾಂತಕ. ಒಂದು ಕುಲವನ್ನೇ ಮುಗಿಸಿದವನು ಅಂತ ಹೆಮ್ಮೆಯಿಂದ ಹೇಳಿಕೊಳ್ಳೋದು! ಓದುವಾಗ ಮೈ ಜುಂ ಅನ್ನುತ್ತೆ. ಇಷ್ಟೆಲ್ಲ ಆದಮೇಲೆ, ಅದೇ ಶಾಸನದ ಕೊನೆಗೆ, ಅವನು ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನ ಸಲ್ಲೇಖನ ವ್ರತ ಹಿಡಿದು ತೀರಿಕೊಂಡ ಎಂದಿದೆ. 974ರ ಸುಮಾರಿಗೆ. ಈ ಮಾರಸಿಂಹ ಪಟ್ಟಕ್ಕೇರಿಸಲು ನೋಡಿದ ಕೊನೆಯ ರಾಷ್ಟ್ರಕೂಟ ಇಂದ್ರನೂ 982ರಲ್ಲಿ ಬೆಳಗೊಳದಲ್ಲೇ ಹೀಗೇ ತೀರಿಕೊಂಡ.

ಕೊಂದಿದ್ದನ್ನೂ ಬಿಟ್ಟಿದ್ದನ್ನೂ ಒಂದೇ ಕಲ್ಲಿನಲ್ಲಿ, ಒಂದರ ಕೆಳಗೊಂದು ಬರೆಸಿದ್ದಾರೆ. ನಾಚಿಕೆ ಪಟ್ಟು ಮೊದಲ ಭಾಗ ಬಿಡಿಸಲಿಲ್ಲ. ಇದನ್ನು ಪ್ರಾಯಶ್ಚಿತ್ತ ಅನ್ನಬೇಕೋ ಬೇಡವೋ, ಶಾಸನದಲ್ಲಂತೂ ಆ ಮಾತಿಲ್ಲ. ನನಗನ್ನಿಸೋದು, ಆ ಜನಕ್ಕೆ ಎರಡೂ ನಿಜವಾಗಿತ್ತು. ಬೆಳಗೊಳದ ಶಾಸನಗಳಲ್ಲೇ ಸಾವಿಯಬ್ಬೆ ಅನ್ನೋ ಹೆಣ್ಣುಮಗಳ ವೀರಗಲ್ಲಿದೆ. ಒಳ್ಳೆಯ ಶ್ರಾವಕಿ, ಅಂದರೆ ವ್ರತ ಪಾಲಿಸುವ ಜೈನ ಸಂಸಾರಸ್ಥೆ, ಜೈನ ಕತೆಗಳ ರೇವತಿಯಂಥವಳು ಅಂತ ಹೊಗಳಿದೆ. ಕಲ್ಲಿನ ಮೇಲೆ ಅವಳು ಕುದುರೆಯೇರಿ, ಕತ್ತಿ ಎತ್ತಿ, ಆನೆಯ ಮೇಲಿರುವ ಶತ್ರುವಿಗೆ ಎದುರಾಗಿದ್ದಾಳೆ. ಗಂಡನ ಜೊತೆ ಯುದ್ಧಕ್ಕೆ ಹೋಗಿ ಸತ್ತವಳು.

ಕಂಬದ ಬುಡದಲ್ಲಿ ನಿಂತರೆ ಎದುರು ಬೆಟ್ಟದಲ್ಲಿ ಗೊಮ್ಮಟನ ತಲೆ ಕಾಣುತ್ತದೆ. ತಾಯಿ ಕಾಳಲಾದೇವಿಯ ಆಸೆಗಾಗಿ ಚಾವುಂಡರಾಯ ಅದನ್ನು ಮಾಡಿಸಿದ ಅಂತ ಕತೆ. ಇರಬಹುದು. ಆದರೆ ತನ್ನ ಒಡೆಯ ಮೂರು ದಿನ ಉಪವಾಸವಿದ್ದು ಸತ್ತದ್ದು ಗೊತ್ತಿದ್ದವನು, ತಮ್ಮನಿಗಾಗಿ ಕೊಂದವನು, ಆ ಮುಖವನ್ನು ಬರೀ ತಾಯಿಗೋಸ್ಕರ ಮಾಡಿಸಿದ ಅಂದರೆ ನನ್ನ ಮನಸ್ಸು ಒಪ್ಪೋದಿಲ್ಲ. ತನ್ನಿಂದ ಆಗದೇ ಹೋದದ್ದನ್ನು ಮಾಡಿ ತೋರಿಸಿದವನನ್ನು ಅವನು ಅಲ್ಲಿ ನಿಲ್ಲಿಸಿದ. ಹಾಗೇ ನಂಬಿದ್ದೇನೆ.

ಮಧ್ಯಾಹ್ನ ವಾಪಸ್ ಬರುವಾಗ ಮಾವ ದಾರಿಯಲ್ಲೊಂದು ಹಳ್ಳಿಯ ಗೇಟಿನಲ್ಲಿ ಇಳಿಯೋಣ ಅಂದರು. ಅವರ ಸ್ನೇಹಿತರ ಊರು. ಸ್ನೇಹಿತರು ಮನೆಯಲ್ಲಿರಲಿಲ್ಲ. ಬಸ್ಸಿಗೆ ಕಾಯುತ್ತಾ ಅರಳಿಕಟ್ಟೆಯಲ್ಲಿ ಕೂತೆವು. ಕಟ್ಟೆಗೆ ಒರಗಿಸಿದ ಒಂದು ವೀರಗಲ್ಲಿತ್ತು. ನಮ್ಮ ಕಡೆ ಊರೂರಿಗೆ ಇರುವಂಥದ್ದೇ, ಮೂರು ಪಟ್ಟಿಯದು. ಮೇಲೆ ದೇವರು. ನಡುವೆ ವೀರನನ್ನು ಇಬ್ಬರು ಅಪ್ಸರೆಯರು ಹೊತ್ತುಕೊಂಡು ಹೋಗುತ್ತಿದ್ದಾರೆ. ಕೆಳಗೆ ಯುದ್ಧ. ಇಂಥ ಎಷ್ಟೋ ಕಲ್ಲುಗಳ ಮೇಲೆ ಒಂದು ಶ್ಲೋಕವಿರುತ್ತದೆ, 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ' ಅಂತ. ಗೆದ್ದರೆ ಸಿರಿ, ಸತ್ತರೆ ಅಪ್ಸರೆ, ಕ್ಷಣದಲ್ಲಿ ಹಾಳಾಗುವ ಈ ಮೈಗೆ ರಣದಲ್ಲಿ ಸಾಯೋ ಚಿಂತೆ ಯಾಕೆ? ಮಾವನಿಗೆ ಅರ್ಥ ಹೇಳಿದೆ.

"ನಮಗೂ ಹಿಂಗೇ ಹೇಳೋರು, ಬೇರೆ ಮಾತಲ್ಲಿ" ಅಂದರು. ಎದ್ದು ಹೋಗಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೆಳಗಿನ ಪಟ್ಟಿ ಅರ್ಧ ಮಣ್ಣಲ್ಲಿ ಹೂತಿತ್ತು. ಕೈಯಲ್ಲೇ ಮಣ್ಣು ಕೆದಕಿ, ಬಾಟಲಿಯ ನೀರು ಸುರಿದು ತೊಳೆದರು. ಕುದುರೆಯ ಕಾಲ ಕೆಳಗೆ ಬಿದ್ದವರು ಕಂಡರು. ಒಬ್ಬ ಬೋರಲು, ಇಬ್ಬರು ಅಂಗಾತ.

"ಮೂರು ಜನ. ಇವ್ರನ್ನ ಯಾರು ಎತ್ಕೊಂಡು ಹೋಗ್ತಾರೋ?" ಅಂದರು.

ನನಗೆ ಬೆಟ್ಟದ ಮೇಲೆ ಹೇಳಿದ ಮಂತ್ರಿಗಳ ಮಾತು ನೆನಪಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಬಾಟಲಿಯಲ್ಲಿ ಉಳಿದಿದ್ದ ನೀರನ್ನೂ ಮಾವ ಆ ಮೂವರ ಮೇಲೇ ಸುರಿದರು.